ಟೊರೊಂಟೊದಲ್ಲಿ ಕೆಲಸ ಹುಡುಕುತ್ತಿದ್ದೀರಾ? ವಾರಕ್ಕೆ ಎರಡು ಕಾಫಿ ಕುಡಿಯಿರಿ

ಪಿಆರ್, ಅಂದರೆ ಕೆನಡಾದಲ್ಲಿ ಕಾಯಂ ನೆಲೆಸುವ ಅನುಮತಿ, ಸಿಕ್ಕಿದೆ. ಬ್ರಾಂಪ್ಟನ್‌ನಲ್ಲೋ ಮಿಸ್ಸಿಸಾಗಾದಲ್ಲೋ ಬೇಸ್‌ಮೆಂಟ್ ಮನೆ ಹಿಡಿದಿದ್ದೀರಿ. ಸಿನ್ ನಂಬರ್ (ಇಲ್ಲಿ ಕೆಲಸ ಮಾಡಲು ಬೇಕಾದ ಸರ್ಕಾರಿ ಸಂಖ್ಯೆ), ಬ್ಯಾಂಕ್ ಖಾತೆ, ಫೋನು ಎಲ್ಲ ಆಯ್ತು. ಈಗ ಬೆಳಗ್ಗೆಯಿಂದ ರಾತ್ರಿವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು ಅರ್ಜಿ ಹಾಕುತ್ತಿದ್ದೀರಿ, ಅಲ್ವಾ?

ನಾನೂ ಮೂರು ತಿಂಗಳು ಅದನ್ನೇ ಮಾಡಿದೆ. ಒಂದು ಫೋನೂ ಬರಲಿಲ್ಲ. ಆಮೇಲೆ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಇಷ್ಟು ದಿನದಲ್ಲಿ ಎಷ್ಟು ಜನರ ಹತ್ರ ಮಾತಾಡಿದ್ರಿ?" ಯಾರ ಹತ್ತಿರವೂ ಇಲ್ಲ. "ಹಾಗಾದ್ರೆ ಅರ್ಜಿ ಕಮ್ಮಿ ಮಾಡಿ. ವಾರಕ್ಕೆ ಎರಡು ಕಾಫಿ ಕುಡೀರಿ," ಅಂದರು. ಅಂದರೆ ನಿಮ್ಮ ಕ್ಷೇತ್ರದವರನ್ನು ಕಾಫಿಗೆ ಕರೆದು ಮಾತಾಡಿಸಿ ಅಂತ.

ನಮ್ಮವರಿಗೆ ಇಲ್ಲೇ ಸಂಕೋಚ. ಗುರುತಿಲ್ಲದವರನ್ನು ಕೇಳುವುದು ಹೇಗೆ, ಇದು ವಶೀಲಿ ಅಲ್ವಾ ಅನ್ನಿಸುತ್ತದೆ. ಖಂಡಿತ ಅಲ್ಲ. ವಶೀಲಿ ಅಂದರೆ ಯೋಗ್ಯತೆ ಇಲ್ಲದಿದ್ದರೂ ಒಳಗೆ ತೂರಿಸುವುದು. ಇಲ್ಲಿ ಪರಿಚಯದವರು ರೆಫರ್ ಮಾಡಿದರೆ ನಿಮ್ಮ ರೆಸ್ಯೂಮೆಯನ್ನು ಒಬ್ಬ ಮನುಷ್ಯ ಓದುವ ಸಾಧ್ಯತೆ ಜಾಸ್ತಿ, ಅಷ್ಟೇ. ಇಂಟರ್‌ವ್ಯೂ ನೀವೇ ಗೆಲ್ಲಬೇಕು.

ಇನ್ನೊಂದು ಮಾತು. ಆಪ್ತರಿಗಿಂತ ಅರೆ ಪರಿಚಯದವರೇ ಇದರಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಕೆಲಸ ಬದಲಿಸಿದವರನ್ನು ವಿಚಾರಿಸಿ 1973ರಲ್ಲಿ ಇದನ್ನು ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಆರರಲ್ಲಿ ಒಬ್ಬರು ಮಾತ್ರ. ಕಾರಣ ಸುಲಭ. ನಿಮ್ಮ ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಆಚೆ ಬೀದಿಯಿಂದ. ಹಾಗಾಗಿ ನಮ್ಮ ಕನ್ನಡದವರನ್ನು ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅವರ ಆಫೀಸಿನ ಸಹೋದ್ಯೋಗಿಯ ತನಕ ಹೋಗಿ.

ಹೇಗೆ ಕೇಳಬೇಕು? "ಸರ್, ರೆಸ್ಯೂಮೆ ಕಳಿಸಿದ್ದೇನೆ, ಏನಾದರೂ ಓಪನಿಂಗ್ ಇದ್ದರೆ ಹೇಳಿ" ಅಂತ ಲಿಂಕ್ಡ್‌ಇನ್‌ನಲ್ಲಿ ಬರೆದರೆ ಉತ್ತರ ಬರುವುದು ಅಪರೂಪ. ಓದಿದವರು ಪಾಪ ಏನು ಮಾಡಬೇಕು? ಹೀಗೆ ಬರೆದು ನೋಡಿ: "ನೀವು ಆಸ್ಪತ್ರೆಗಳ ಡೇಟಾ ನೋಡಿಕೊಳ್ಳುತ್ತೀರಿ ಅಂತ ತಿಳಿಯಿತು. ನಾನು ಬೆಂಗಳೂರಿನಲ್ಲಿ ಆರು ವರ್ಷ ಅದೇ ಕೆಲಸ ಮಾಡಿದ್ದೇನೆ. ಇಲ್ಲಿ ಅದು ಹೇಗೆ ನಡೆಯುತ್ತದೆ ಅಂತ 15 ನಿಮಿಷ ಕೇಳಬಹುದಾ?" ಕೆಲಸ ಕೇಳಬೇಡಿ, ಸಮಯ ಕೇಳಿ.

ನನ್ನ ಮೊದಲ ಕಾಫಿ ಒಂದು ಟಿಮ್ ಹಾರ್ಟನ್ಸ್‌ನಲ್ಲಿ. ಎದುರು ಕೂತ ಹೆಂಗಸು ನನ್ನ ರೆಸ್ಯೂಮೆ ತಿರುವಿ ಹಾಕಿದರು. ಪೆನ್ನು ತೆಗೆದು ಫೋಟೋ, ಹುಟ್ಟಿದ ದಿನಾಂಕ, ತಂದೆಯ ಹೆಸರು, ಮದುವೆ ಆಗಿದೆ ಅನ್ನುವ ಸಾಲು, ಎಲ್ಲದಕ್ಕೂ ಗೆರೆ ಎಳೆದರು. ಇಲ್ಲಿ ಇವು ಯಾವುದೂ ಬೇಡ. ಆಮೇಲೆ ನನ್ನ ಹಿಂದಿನ ಪ್ರಾಜೆಕ್ಟ್ ಬಗ್ಗೆ ಕೇಳಿದರು. ನಾನು "ನಾವು ಮಾಡಿದೆವು, ನಾವು ಬದಲಾಯಿಸಿದೆವು" ಅನ್ನುತ್ತಾ ಹೋದೆ. ಅವರು ನಡುವೆ ತಡೆದು, "ಸರಿ, ಅದರಲ್ಲಿ ನೀವು ಮಾಡಿದ್ದೇನು?" ಅಂದರು. ನಮ್ಮಲ್ಲಿ "ನಾನು" ಅನ್ನುವುದು ಜಂಬ. ಇಲ್ಲಿನ ಇಂಟರ್‌ವ್ಯೂನಲ್ಲಿ ಅದು ಲೆಕ್ಕ ಒಪ್ಪಿಸಿದ ಹಾಗೆ. ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ.

15 ನಿಮಿಷ ಆದ ತಕ್ಷಣ ನೀವೇ ಏಳಿ. ಏಳುವ ಮುಂಚೆ, "ಇನ್ನು ಯಾರ ಹತ್ತಿರ ಮಾತಾಡಿದರೆ ಒಳ್ಳೆಯದು?" ಅಂತ ಮರೆಯದೆ ಕೇಳಿ. ಅವತ್ತೇ ಸಂಜೆ ಥ್ಯಾಂಕ್ಸ್ ಬರೆಯಿರಿ, ಅವರು ಹೇಳಿದ ಒಂದು ವಿಷಯ ನೆನಪಿಸಿ. ಅವರಿಂದ ಅವರ ಗೆಳೆಯರಿಗೆ, ಅಲ್ಲಿಂದ ಮತ್ತೊಬ್ಬರಿಗೆ. ನನಗೆ ಕೆಲಸ ಸಿಕ್ಕಿದ್ದು ಏಳನೇ ಕಾಫಿಯ ನಂತರ.

"ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇದೆಯಾ?" ಅನ್ನುವ ಪ್ರಶ್ನೆಗೆ ತುಂಬಾ ಜನ ಕುಗ್ಗಿಹೋಗುತ್ತಾರೆ. 2026ರ ಜನವರಿ 1ರಿಂದ ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಕಂಪನಿ ಸಾರ್ವಜನಿಕ ಜಾಹೀರಾತಿನಲ್ಲಿ ಅದನ್ನು ಕೇಳುವ ಹಾಗಿಲ್ಲ. ಎಂಜಿನಿಯರ್ ಲೈಸೆನ್ಸ್‌ಗೂ 2023ರಲ್ಲೇ ಆ ಷರತ್ತು ಹೋಯಿತು. ಆದರೆ ಕಾನೂನು ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ. "ಇವರನ್ನು ನಾನು ಬಲ್ಲೆ" ಅನ್ನುವ ಇಲ್ಲಿನವರೊಬ್ಬರು ಬೇಕೇ ಬೇಕು. ಯಾರೂ ಗೊತ್ತಿಲ್ಲದಿದ್ದರೆ ವಲಸೆ ಬಂದವರಿಗೆ ಕೆಲಸದ ದಾರಿ ತೋರಿಸುವ ಟೊರೊಂಟೊದ ಟ್ರಿಯೆಕ್ (TRIEC) ಸಂಸ್ಥೆಯ ಮೆಂಟರಿಂಗ್‌ಗೆ ಹೆಸರು ಕೊಡಿ. ಹೊಸಬರಿಗೆ ಅವರದೇ ವೃತ್ತಿಯ ಮಾರ್ಗದರ್ಶಕರನ್ನು ಜೋಡಿಸುವ ಕೆಲಸವನ್ನು ಅವರು 2004ರಿಂದ ಮಾಡುತ್ತಿದ್ದಾರೆ.

ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ, ಅವರು ನಮ್ಮೂರಿನವರೇ ಆಗಿರಲಿ, ಎದ್ದು ಬನ್ನಿ.

ಬಾಡಿಗೆ ಕಟ್ಟಲು ವೇರ್‌ಹೌಸ್ ಶಿಫ್ಟ್‌ಗೆ ಹೋಗುತ್ತಿದ್ದರೆ ಅದರಲ್ಲಿ ಅವಮಾನ ಏನೂ ಇಲ್ಲ. ಆದರೆ ಎಲ್ಲ ದಿನವನ್ನೂ ಅದಕ್ಕೇ ಕೊಟ್ಟುಬಿಡಬೇಡಿ. ಆಫೀಸು ತೆರೆದಿರುವ ಒಂದು ಹಗಲನ್ನು ಕಾಫಿಗೆ ಅಂತ ಉಳಿಸಿಕೊಳ್ಳಿ. ನಾನು ಬುಧವಾರ ಇಟ್ಟುಕೊಂಡಿದ್ದೆ.