40 ಮೀಟರ್ ಬ್ಯಾಂಡಿನ ಗದ್ದಲ ಇಳಿಸಿದ್ದು: ನನ್ನ ಅನುಭವ

ನಾನು ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವನು. ಮೈಸೂರಿನ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಸಂಜೆ ಏಳರ ಮೇಲೆ ಸೆಟ್ಟಿನಲ್ಲಿ 7 ಮೆಗಾಹರ್ಟ್ಸ್ (ಇದೇ 40 ಮೀಟರ್ ಬ್ಯಾಂಡ್) ಹಚ್ಚಿದರೆ, ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್ ಮೀಟರ್ ಮುಳ್ಳು ಎಸ್ 9ರ ಹತ್ತಿರವೇ ನಿಂತಿರುತ್ತಿತ್ತು. ಯಾರೂ ಮಾತಾಡದಿದ್ದರೂ ಅಷ್ಟೇ. ಜೋರಾಗಿ ಬರುವ ಸ್ಟೇಷನ್‌ಗಳು ಹೇಗೋ ಕೇಳಿಸುತ್ತಿದ್ದವು. ಹೊಸದಾಗಿ ಲೈಸೆನ್ಸ್ ತಗೊಂಡು, ತಾವೇ ಕಿಟ್ ಜೋಡಿಸಿ, ಐದು ವ್ಯಾಟ್‌ನಲ್ಲಿ ಕರೆಯುವವರು ಮಾತ್ರ ಕೇಳಿಸುತ್ತಲೇ ಇರಲಿಲ್ಲ. ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

ಸಣ್ಣ ದನಿ ಕೇಳಿಸಬೇಕು ಅನ್ನೋದು ಸುಮ್ನೆ ಹವ್ಯಾಸದ ಮಾತಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಪೋರ್ಟ್ ಬ್ಲೇರ್‌ನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಇತ್ತು. ಅಂಡಮಾನಿನ ಸುದ್ದಿ ಹೊರಗೆ ತಲುಪಲು ಅವರ ಸೆಟ್ಟೂ ಒಂದು ದಾರಿಯಾಯಿತು. ಅಂಥ ಹೊತ್ತಲ್ಲಿ ಕರೆಯುವವರ ಹತ್ತಿರ ಬ್ಯಾಟರಿ, ಒಂದು ತಂತಿ ಬಿಟ್ಟು ಬೇರೇನೂ ಇರಲಿಕ್ಕಿಲ್ಲ. ಕೇಳುವ ತುದಿಯಲ್ಲಿ ಮನೆಯ ಬಲ್ಬು, ಅಡಾಪ್ಟರುಗಳಿಂದ ಹುಟ್ಟುವ ಗದ್ದಲ ತುಂಬಿದ್ದರೆ ಏನು ಪ್ರಯೋಜನ?

ಲೆಕ್ಕ ಹಾಕಿದರೆ ಇದರ ತೂಕ ಗೊತ್ತಾಗುತ್ತದೆ. ಎಸ್ ಮೀಟರಿನ ಒಂದು ಮೆಟ್ಟಿಲು, ಅಂದರೆ ಒಂದು ಎಸ್ ಯೂನಿಟ್, 6 ಡಿಬಿ (ಡೆಸಿಬೆಲ್). ಗದ್ದಲವನ್ನು ಎಸ್ 9ರಿಂದ ಎಸ್ 5ಕ್ಕೆ ಇಳಿಸಿದರೆ 24 ಡಿಬಿ, ಅಂದರೆ ಪವರ್ ಲೆಕ್ಕದಲ್ಲಿ ಸುಮಾರು 250 ಪಟ್ಟು. ಆ ಕಡೆಯವರು 100 ವ್ಯಾಟ್ ಬಿಟ್ಟು 25 ಕಿಲೋವ್ಯಾಟ್ ಹಾಕಿದಷ್ಟೇ ಲಾಭ ನನ್ನ ಕಿವಿಗೆ. ಯಾವ ದೊಡ್ಡ ಆಂಟೆನಾನೂ ಇಷ್ಟು ಕೊಡಲ್ಲ. ಹಾಗಾಗಿ ದುಡ್ಡು ಖರ್ಚು ಮಾಡೋ ಮೊದಲು ಗದ್ದಲದ ಹಿಂದೆ ಬಿದ್ದೆ.

ಮೊದಲು ಮಾಡಿದ ಕೆಲಸ, ಸೆಟ್ಟಿನ ಹಿಂದಿನ ಕೋಆಕ್ಸ್ (ಆಂಟೆನಾದಿಂದ ಬರುವ ಕೇಬಲ್) ಬಿಚ್ಚಿದ್ದು. ಗದ್ದಲ ಪೂರ್ತಿ ನಿಂತಿತು. ಅಂದರೆ ಸೆಟ್ಟಿನೊಳಗೆ ಹುಟ್ಟಿದ್ದಲ್ಲ, ಹೊರಗಿಂದ ಬರುತ್ತಿದೆ. ಇನ್ನು ಏಪ್ರಿಲ್, ಮೇ ತಿಂಗಳ ಸಿಡಿಲಿನ ಚಟಪಟ ಇದೆಯಲ್ಲ, ಅದು ಬೇರೆ. ಅದು ಬಿಟ್ಟು ಬಿಟ್ಟು ಬರುತ್ತದೆ, ಅದಕ್ಕೆ ನಾವು ಏನೂ ಮಾಡಲಾಗದು. ನನ್ನನ್ನು ಕಾಡುತ್ತಿದ್ದದ್ದು ಒಂದೇ ಸಮನೆ ಗುಯ್‌ಗುಡುವ ಗದ್ದಲ. ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ಬ್ಯಾಂಡು, ಎಸ್ ಮೀಟರ್ ಓದು, ಸದ್ದಿನ ಬಗೆ ಬರೆಯತೊಡಗಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಶುರುವಾಗುವುದು ಒಂದು, ಹಗಲೂ ರಾತ್ರಿ ಇರುವುದು ಇನ್ನೊಂದು, ಬಿಸಿಲು, ಗಾಳಿ ಇದ್ದಾಗ ಜೋರಾಗಿ ಮಳೆ ಬಂದರೆ ನಿಲ್ಲುವುದು ಮತ್ತೊಂದು. ಒಂದೇ ಗದ್ದಲ ಅಂತ ಕೇಳಿಸುತ್ತಿದ್ದದ್ದು ಬರೆದು ನೋಡಿದಾಗ ಮೂರು ನಾಲ್ಕು ಪದರವಾಗಿ ಬಿಡಿಸಿಕೊಂಡಿತು. ಈ ನೋಟ್‌ಬುಕ್ ಇಲ್ಲದೆ ಹುಡುಕಲು ಹೊರಟರೆ ಒಂದು ಮೂಲ ನಿಲ್ಲಿಸಿದರೂ ಇನ್ನೊಂದು ಮುಚ್ಚಿಹಾಕುತ್ತದೆ, ಏನೂ ಬದಲಾಗಲಿಲ್ಲ ಅನ್ನಿಸುತ್ತದೆ. ಜೋರಾಗಿರುವುದನ್ನು ಮೊದಲು ತೆಗೆಯಬೇಕು. ಆಮೇಲೇ ಕೆಳಗಿನದ್ದು ಕಾಣೋದು.

ಸೆಟ್ಟನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿದೆ. ಇಲ್ಲಿ ಒಂದು ಮಾತು. ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಯುಪಿಎಸ್ ಇರುತ್ತದೆ. ಮೇನ್ ಆಫ್ ಮಾಡಿದ ಕೂಡಲೇ ಅದು ಬ್ಯಾಟರಿಯಿಂದ ಓಡಲು ಶುರು ಮಾಡುತ್ತದೆ. ಲೈಟು, ವೈಫೈ ರೂಟರ್, ಸಿಸಿಟಿವಿ ಎಲ್ಲ ನಡೀತಾನೇ ಇರುತ್ತವೆ. ಅದರ ಮೇಲೆ ಯುಪಿಎಸ್ ಇನ್ವರ್ಟರ್ ತನ್ನ ಗದ್ದಲವನ್ನೂ ಸೇರಿಸುತ್ತದೆ. ಯುಪಿಎಸ್‌ ಅನ್ನೂ ಪೂರ್ತಿ ಆಫ್ ಮಾಡಿದ ಮೇಲೇ ಮನೆ ನಿಜವಾಗಿ ಸುಮ್ಮನಾಗುವುದು. ಹಾಗೆ ಮಾಡಿದಾಗ ಮುಳ್ಳು ಎಸ್ 9ರಿಂದ ಎಸ್ 7ಕ್ಕೆ ಬಂತು. ಅಂದರೆ ದೊಡ್ಡ ಪಾಲು ನಮ್ಮ ಮನೆಯದ್ದೇ. ಇದು ಒಳ್ಳೇ ಸುದ್ದಿ. ನಮ್ಮ ಮನೆಯದ್ದಾದರೆ ಯಾರನ್ನೂ ಕೇಳಬೇಕಿಲ್ಲ, ಅಲ್ವಾ?

ಆಮೇಲೆ ಮನೆಯ ಫ್ಯೂಸ್ ಬೋರ್ಡಿನಲ್ಲಿ ಒಂದೊಂದೇ ಎಂಸಿಬಿ ಸ್ವಿಚ್ ಎತ್ತಿದೆ. ಕೆಳಗಡೆ ಹಾಲ್‌ನ ಸರ್ಕ್ಯೂಟ್ ಆನ್ ಆದ ಕೂಡಲೇ ಗದ್ದಲ ವಾಪಸ್ ಬಂತು. ಅಲ್ಲಿದ್ದ ಪ್ಲಗ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋದರೆ ಸಿಕ್ಕಿದ್ದು ಸಿಸಿಟಿವಿ ಡಿವಿಆರ್‌ನ ಜೊತೆ ಬಂದಿದ್ದ ಅಡಾಪ್ಟರ್. ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ರಿಸೀವರ್) ಹಾಕಿ ಕಂಪ್ಯೂಟರ್‌ನ ವಾಟರ್‌ಫಾಲ್‌ನಲ್ಲಿ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಚಿತ್ರ) ನೋಡಿದಾಗ ಅದರ ಗುರುತು ಸ್ಪಷ್ಟವಾಗಿತ್ತು. 7.020, 7.085, 7.150 ಮೆಗಾಹರ್ಟ್ಸ್ ಸುತ್ತ ಮೂರು ಅಗಲವಾದ ದಿಬ್ಬಗಳು. ನಡುವೆ 65 ಕಿಲೋಹರ್ಟ್ಸ್ ಅಂತರ. ಎಸ್‌ಎಂಪಿಎಸ್ ಅಡಾಪ್ಟರ್‌ಗಳಲ್ಲಿ 230 ವೋಲ್ಟ್ ಎಸಿಯನ್ನು ಮೊದಲು 325 ವೋಲ್ಟ್‌ನಷ್ಟು ಡಿಸಿ ಮಾಡಿ, ಅದನ್ನು ಸೆಕೆಂಡಿಗೆ 65 ಸಾವಿರ ಸಲ ಕತ್ತರಿಸುವುದು ಮಾಮೂಲಿ. ಆ ಕತ್ತರಿಸುವ ಅಂಚು ಎಷ್ಟು ಚೂಪೋ ಅಷ್ಟು ಮೇಲಿನವರೆಗೂ ಹಾರ್ಮೋನಿಕ್ಸ್ (ಅದೇ ಫ್ರೀಕ್ವೆನ್ಸಿಯ ಎರಡು, ಮೂರು, ನೂರು ಪಟ್ಟಿನಲ್ಲಿ ಬರುವ ಸಿಗ್ನಲ್) ಹೋಗುತ್ತವೆ. 65ರ 110ನೇ ಹಾರ್ಮೋನಿಕ್ ಸರಿಯಾಗಿ 7.150ಕ್ಕೇ ಬೀಳುತ್ತದೆ. ಅಡಾಪ್ಟರ್ ಬಿಸಿಯಾದಂತೆ ದಿಬ್ಬಗಳು ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತಿದ್ದವು. ಹೀಗೆ ಸರಿಯುವ ದಿಬ್ಬ ಕಂಡರೆ ಎಸ್‌ಎಂಪಿಎಸ್ ಅಂತ ಬಹುಮಟ್ಟಿಗೆ ಹೇಳಬಹುದು.

ಅದನ್ನು ಬಿಚ್ಚಿ ನೋಡಿದೆ. (ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಉಳಿದಿರಬಹುದು. ಅಭ್ಯಾಸ ಇಲ್ಲದವರು ಬಿಚ್ಚಲೇಬೇಡಿ.) ಮೇನ್ಸ್ ಒಳಬರುವ ಕಡೆ ಫಿಲ್ಟರ್ ಕಾಯಿಲ್‌ಗೆ, ಅದರ ಕೆಪಾಸಿಟರ್‌ಗೆ ಬೋರ್ಡಿನ ಮೇಲೆ ಜಾಗ ಬಿಟ್ಟಿದ್ದರು. ಹೆಸರೂ ಅಚ್ಚಾಗಿತ್ತು. ಆದರೆ ಕಾಯಿಲ್ ಇರಬೇಕಾದ ಕಡೆ ಎರಡು ತುಂಡು ತಂತಿ ಬೆಸುಗೆ ಹಾಕಿದ್ದರು, ಕೆಪಾಸಿಟರ್ ಜಾಗ ಖಾಲಿ. ಡಿಸೈನ್ ಮಾಡಿದವರಿಗೆ ಫಿಲ್ಟರ್ ಬೇಕು ಅಂತ ಗೊತ್ತಿತ್ತು, ಹತ್ತಿಪ್ಪತ್ತು ರೂಪಾಯಿ ಉಳಿಸಲು ಮಾಡುವವರು ಬಿಟ್ಟರು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಆ ಅಡಾಪ್ಟರ್ ತೆಗೆದು, ಒಳಗೆ ಸರಿಯಾದ ಫಿಲ್ಟರ್ ಇರುವ ಒಳ್ಳೇ ಅಡಾಪ್ಟರ್ ಹಾಕಿದೆ. ಮೆಟ್ಟಿಲ ಕೆಳಗಿನ ಎಲ್‌ಇಡಿ ಬಲ್ಬೂ ಇದೇ ಜಾತಿ, ಅದನ್ನೂ ಬದಲಾಯಿಸಿದೆ.

ಯುಪಿಎಸ್ ಬದಲಾಯಿಸುವ ಹಾಗಿರಲಿಲ್ಲ. ಅಲ್ಲಿ ಫೆರೈಟ್, ಅಂದರೆ ವೈರಿನಲ್ಲಿ ಹರಿಯುವ ಗದ್ದಲವನ್ನು ತಡೆಯುವ ಕಾಂತೀಯ ವಸ್ತು, ಬೇಕಾಯಿತು. ಇಲ್ಲಿ ತಿಳಿದುಕೊಳ್ಳಬೇಕಾದ್ದು ಏನೆಂದರೆ, 7 ಮೆಗಾಹರ್ಟ್ಸ್‌ನಲ್ಲಿ ಡಬ್ಬಿಯಿಂದ ನೇರ ಹೊರಡುವ ಗದ್ದಲ ಕಮ್ಮಿ. ಅದಕ್ಕೆ ಜೋಡಿಸಿದ ವೈರುಗಳೇ ಆಂಟೆನಾ ಆಗುತ್ತವೆ. ವೈರಿನ ಎಲ್ಲ ಎಳೆಗಳಲ್ಲೂ ಒಂದೇ ದಿಕ್ಕಿಗೆ ಹರಿಯುವ ಕಾಮನ್ ಮೋಡ್ ಕರೆಂಟನ್ನು ತಡೆದರೆ ಗದ್ದಲ ಅಲ್ಲೇ ನಿಲ್ಲುತ್ತದೆ. ಕಂಪ್ಯೂಟರ್ ಕೇಬಲ್ ಮೇಲೆ ಇರುವಂಥ ಕ್ಲಿಪ್ ಮಾಡುವ ಫೆರೈಟ್ ಮಣಿ ಒಂದನ್ನು ಹಾಕಿದರೆ ಈ ಬ್ಯಾಂಡಿನಲ್ಲಿ ಏನೂ ಆಗಲ್ಲ. ಸುತ್ತು ಬೇಕು. ತಡೆ ಸುತ್ತಿನ ವರ್ಗದಷ್ಟು ಏರುತ್ತದೆ: ಐದು ಸುತ್ತು ಹಾಕಿದರೆ ಒಂದು ಸುತ್ತಿನ 25 ಪಟ್ಟು. ನಾನು ಬಳಸಿದ್ದು ಮಿಕ್ಸ್ 31 ಎಂಬ ಬಗೆಯ ಫೆರೈಟಿನ ದೊಡ್ಡ ರಿಂಗ್, ಎಫ್‌ಟಿ 240-31. ಮೂರು ಪಿನ್ ಪ್ಲಗ್ ಬಿಚ್ಚಿ, ವೈರನ್ನು ರಿಂಗಿನೊಳಗೆ ಹತ್ತು ಹನ್ನೆರಡು ಸಲ ತೂರಿಸಿ, ಮತ್ತೆ ಪ್ಲಗ್ ಕಟ್ಟಿದೆ. ಯುಪಿಎಸ್‌ಗೆ ಒಳಬರುವ ವೈರಿಗೆ ಒಂದು, ಹೊರಹೋಗುವುದಕ್ಕೆ ಒಂದು. ಬ್ಯಾಟರಿ ವೈರು ದಪ್ಪ, ಸುತ್ತಲಾಗದು. ಅದನ್ನು ಆದಷ್ಟು ಗಿಡ್ಡ ಮಾಡಿ, ಎರಡು ವೈರನ್ನೂ ಹೊಸೆದು ಕಟ್ಟಿದೆ. ರಿಂಗ್ ಡಬ್ಬಿಗೆ ಅಂಟಿಕೊಂಡಂತೆ ಇರಬೇಕು. ಒಂದು ಮೀಟರ್ ಆಚೆ ಹಾಕಿದರೆ ಆ ಒಂದು ಮೀಟರ್ ವೈರು ಪ್ರಸಾರ ಮಾಡುತ್ತಲೇ ಇರುತ್ತದೆ.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ರಿಂಗ್ ರಾಶಿ ಬಿದ್ದಿರುತ್ತವೆ. ಬಣ್ಣ ನೋಡಿ ಕೊಳ್ಳಬೇಡಿ. ಹಳೇ ಕಂಪ್ಯೂಟರ್ ಪವರ್ ಸಪ್ಲೈಯಿಂದ ತೆಗೆದ ಹಳದಿ-ಬಿಳಿ ರಿಂಗ್ ಕಬ್ಬಿಣದ ಪುಡಿಯದ್ದು, ಈ ಕೆಲಸಕ್ಕೆ ಬರಲ್ಲ. ಸ್ನೇಹಿತರ ಹತ್ತಿರ ನ್ಯಾನೋವಿಎನ್ಎ (ಇಂಥ ತಡೆ ಅಳೆಯುವ ಪುಟ್ಟ ಉಪಕರಣ) ಇದ್ದರೆ ಒಂದು ರಿಂಗಿಗೆ ಸುತ್ತಿ, 7 ಮೆಗಾಹರ್ಟ್ಸ್‌ನಲ್ಲಿ ಎಷ್ಟು ತಡೆ ಕೊಡುತ್ತೆ ಅಂತ ಅಳೆದು ನೋಡಿ. ಸಾವಿರಾರು ಓಮ್ ಬರಬೇಕು.

ಮನೆ ತಣ್ಣಗಾದ ಮೇಲೆ ಬೀದಿಗೆ ಇಳಿದೆ. ಕೈಯಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ, ಅಷ್ಟೇ. ಅದರೊಳಗಿನ ಫೆರೈಟ್ ಕಡ್ಡಿಯ ತುದಿ ಮೂಲದ ಕಡೆ ತಿರುಗಿದಾಗ ಸದ್ದು ಥಟ್ಟನೆ ಕುಸಿಯುತ್ತದೆ. ಸದ್ದು ಹೆಚ್ಚುವ ದಿಕ್ಕು ಅಗಲ, ಕುಸಿಯುವ ದಿಕ್ಕು ಕಿರಿದು. ಅದಕ್ಕೇ ಕುಸಿತವನ್ನೇ ನಂಬಬೇಕು. ಕೈ ಪಳಗಿಸಿಕೊಳ್ಳಲು ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಹಚ್ಚಿ ರೇಡಿಯೊವನ್ನು ತಿರುಗಿಸುತ್ತಾ ಹೋಗಿ. ಕಡ್ಡಿ ಈಶಾನ್ಯಕ್ಕೆ ನಿಂತಾಗ ಹಾಡು ಸಣ್ಣದಾಗುತ್ತದೆ. ಆಮೇಲೆ ಸ್ಟೇಷನ್ ಇಲ್ಲದ ಜಾಗಕ್ಕೆ ಹಚ್ಚಿ ಗದ್ದಲದ ಹಿಂದೆ ಹೋಗಿ. ಕರೆಂಟ್ ವೈರಿನ ಕೆಳಗೆ ಮಾತ್ರ ಈ ಉಪಾಯ ದಾರಿ ತಪ್ಪಿಸುತ್ತದೆ, ಗದ್ದಲ ವೈರಿನುದ್ದಕ್ಕೂ ಹರಿದಿರುತ್ತದೆ. ಅಲ್ಲಿ ದಿಕ್ಕು ಬಿಟ್ಟು ಎಲ್ಲಿ ಜೋರು ಅಂತ ಮಾತ್ರ ನೋಡಬೇಕು.

ಸಂಜೆಯ ಗದ್ದಲ ಎರಡು ಮನೆ ಆಚೆಯ ಗೇಟ್ ಲೈಟಿನ ಹತ್ತಿರ ಕಿವಿ ಕಿತ್ತುಹೋಗುವಷ್ಟಿತ್ತು. ಆ ಮನೆಯಲ್ಲಿ ನಿವೃತ್ತ ಮೇಷ್ಟ್ರು. ಬಾಗಿಲು ತಟ್ಟಿ, ದೂರು ಹೇಳುವ ಬದಲು ರೇಡಿಯೊವನ್ನೇ ಅವರ ಕೈಗೆ ಕೊಟ್ಟೆ. "ಮೇಷ್ಟ್ರೇ, ಒಂದ್ಸಲ ಲೈಟ್ ಆಫ್ ಮಾಡಿ ನೋಡ್ತೀರಾ?" ಅಂದೆ. ಅವರ ಹೆಂಡತಿ ಒಳಗಿಂದ ಸ್ವಿಚ್ ಹಾಕಿ ತೆಗೆದರು. ಸದ್ದು ಬಂತು, ಹೋಯಿತು. "ಅಯ್ಯೋ, ಇಷ್ಟು ಸಣ್ಣ ಬಲ್ಬ್ ಇಷ್ಟೊಂದು ಸದ್ದು ಮಾಡತ್ತಾ ಸಾರ್? ನಮ್ಮ ರೇಡಿಯೊನೂ ಇದಕ್ಕೇ ಕೊರೀತಿತ್ತೇನೋ" ಅಂದರು ಮೇಷ್ಟ್ರು. ಮೊದಲೇ ಮನೆಯಲ್ಲಿ ಪರೀಕ್ಷೆ ಮಾಡಿ ತಂದಿದ್ದ ಬಲ್ಬನ್ನು ಅಲ್ಲೇ ಹಾಕಿಕೊಟ್ಟೆ. ನೆರೆಯವರ ಮನೆಗೆ ಹೋಗುವಾಗ ಪರಿಹಾರ ಕೈಯಲ್ಲೇ ಇರಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಕಾಯಿದೆ, ಲೈಸೆನ್ಸ್ ಅಂತ ಮಾತು ತೆಗೆದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಮಳೆಗೆ ನಿಲ್ಲುವ ಗದ್ದಲ ಉಳಿದಿತ್ತು. ಅದು 11 ಕೆವಿ ಲೈನಿನದ್ದು. ಸಡಿಲ ನಟ್ಟು, ತುಕ್ಕು ಹಿಡಿದ ಕ್ಲಾಂಪ್, ಇನ್ಸುಲೇಟರ್ ಮೇಲೆ ಸಡಿಲವಾದ ಕಟ್ಟುತಂತಿ, ಇವುಗಳ ನಡುವಿನ ಸಣ್ಣ ಸಂದಿಯಲ್ಲಿ ಕಿಡಿ ಹಾರುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 100 ಸಲ ಕಿಡಿಯ ಗುಂಪು ಬರುತ್ತದೆ. ಕೇಳಲು ಒರಟು ಜುರ್ರ್ ಅನ್ನುವ ಸದ್ದು. ಸಂದಿಯಲ್ಲಿ ನೀರು ಕೂತರೆ ಕಿಡಿ ನಿಲ್ಲುತ್ತದೆ. ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಇದು ಲೈನಿನುದ್ದಕ್ಕೂ ಕಿಲೋಮೀಟರ್‌ಗಟ್ಟಲೆ ಹರಿಯುವುದರಿಂದ ಕಂಬ ಗುರುತಿಸಲು ಆಗಲ್ಲ. ಹತ್ತಿರ ಹೋದಂತೆ ಫ್ರೀಕ್ವೆನ್ಸಿ ಏರಿಸುತ್ತಾ ಹೋಗಬೇಕು. ನಾನು ವಿಮಾನದ ಬ್ಯಾಂಡ್ ಕೇಳುವ ಎಎಂ ರಿಸೀವರ್‌ಗೆ ಮೂರು ಎಲಿಮೆಂಟಿನ ಸಣ್ಣ ಯಾಗಿ (ಒಂದು ದಿಕ್ಕಿನಿಂದ ಜೋರಾಗಿ ಕೇಳುವ ಆಂಟೆನಾ) ಜೋಡಿಸಿ, 130 ಮೆಗಾಹರ್ಟ್ಸ್ ಸುತ್ತ ಕೇಳುತ್ತಾ ನಡೆದೆ. ಎಫ್‌ಎಂ ಮೋಡ್ ಈ ಸದ್ದನ್ನು ನುಂಗಿಬಿಡುತ್ತದೆ, ಎಎಂ ಬೇಕೇ ಬೇಕು. ಕೊನೆಗೆ ಟಿಸಿ (ಟ್ರಾನ್ಸ್‌ಫಾರ್ಮರ್) ಪಕ್ಕದ ಒಂದು ಕಂಬದತ್ತ ತಿರುಗಿಸಿದಾಗ ಮಾತ್ರ ಜೋರಾಗಿ ಬಂತು. ಕಂಬ ಅಥವಾ ಸ್ಟೇ ವೈರನ್ನು ಬಡಿದು ಪರೀಕ್ಷೆ ಮಾಡುವುದು ಪ್ರಾಣಕ್ಕೆ ಅಪಾಯ. ಹತ್ತಿರವೂ ಹೋಗಬೇಡಿ.

ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ, ಟಿಸಿ ನಂಬರ್ ಸಮೇತ ದೂರು ಬರೆಸಿದೆ. "ರೇಡಿಯೊದಲ್ಲಿ ಗದ್ದಲ" ಅಂತ ಹೇಳಲಿಲ್ಲ, "ಇನ್ಸುಲೇಟರ್ ಹತ್ತಿರ ಸ್ಪಾರ್ಕ್" ಅಂದೆ, ಯಾಕೆಂದರೆ ಅದೇ ನಿಜವಾದ ದೋಷ. ಆದರೂ ಕೂಡಲೇ ಯಾರೂ ಬರಲಿಲ್ಲ. ಕೊನೆಗೆ ಬಂದ ಲೈನ್‌ಮ್ಯಾನ್‌ಗೆ ಹೆಡ್‌ಫೋನ್ ಕೊಟ್ಟು ಯಾಗಿಯನ್ನು ಅವರ ಕೈಯಲ್ಲೇ ಹಿಡಿಸಿದೆ. ಎರಡು ಕಂಬಕ್ಕೆ ಹೋಲಿಸಿ ನೋಡಿ, "ಸರಿ ಸಾರ್, ಎಲ್‌ಸಿ ತಗೊಂಡಾಗ ನೋಡ್ತೀನಿ" ಅಂದರು. (ಎಲ್‌ಸಿ ಅಂದರೆ ಲೈನಿನ ಕರೆಂಟ್ ತೆಗೆಸಿ ಕೆಲಸ ಮಾಡಲು ಪಡೆಯುವ ಅನುಮತಿ.) ಹಾಗೇ ಮಾಡಿದರು. ಕಟ್ಟುತಂತಿ ಬದಲಾಯಿಸಿದ ಮೇಲೆ ಆ ಸದ್ದು ಬಂದಿಲ್ಲ.

ಈ ಮಧ್ಯೆ ಆಂಟೆನಾವನ್ನೂ ಸ್ವಲ್ಪ ಸರಿಸಿದೆ. 40 ಮೀಟರ್ ಬ್ಯಾಂಡಿನ ಡೈಪೋಲ್ (ನಡುವೆ ಕೇಬಲ್ ಸೇರಿಸಿದ ತಂತಿಯ ಆಂಟೆನಾ) 20 ಮೀಟರ್ ಉದ್ದ. ಮೂವತ್ತು-ನಲವತ್ತರ ಸೈಟಿನಲ್ಲಿ ನೇರವಾಗಿ ಕಟ್ಟಲಾಗದು. ಮೊದಲು ಎರಡು ತುದಿಯೂ ಮನೆಯ ಗೋಡೆಗೇ ಇಳಿದಿದ್ದವು. ಈಗ ಒಂದು ತುದಿ ಪಕ್ಕದ ಖಾಲಿ ಸೈಟಿನ ತೆಂಗಿನ ಮರಕ್ಕೆ, ಮಾಲೀಕರ ಒಪ್ಪಿಗೆ ಪಡೆದು. ಫೀಡ್ ಪಾಯಿಂಟಿನಲ್ಲಿ, ಅಂದರೆ ಕೇಬಲ್ ಆಂಟೆನಾಗೆ ಸೇರುವ ಕಡೆ, ಕೋಆಕ್ಸ್ ಅನ್ನೂ ಅದೇ ಮಿಕ್ಸ್ 31 ರಿಂಗಿಗೆ ಸುತ್ತಿದ್ದೇನೆ. ಇಲ್ಲದಿದ್ದರೆ ಕೋಆಕ್ಸ್ ಹೊರಕವಚವೇ ಮನೆಯ ಗದ್ದಲವನ್ನು ಹೊತ್ತು ಮೇಲೆ ಒಯ್ಯುತ್ತದೆ. ಇದಕ್ಕೇ ಒಂದು ಎಸ್ ಯೂನಿಟ್ ಇಳಿಯಿತು.

ಈಗ ಸಂಜೆ ಎಸ್ 4, ಕೆಲವು ದಿನ ಎಸ್ 3. ಐದು ವ್ಯಾಟ್ ಹುಡುಗರು ಕೇಳಿಸುತ್ತಾರೆ. ಹಗಲಿನಲ್ಲಿ ಮಾತ್ರ ಹೊಸದೊಂದು ಶುರುವಾಗಿದೆ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದಮೇಲೆ ನಮ್ಮ ಬೀದಿಯಲ್ಲೂ ತಾರಸಿ ಸೋಲಾರ್ ಹೆಚ್ಚಿದೆ. ಬಿಸಿಲು ಏರಿದಂತೆ ಏರಿ, ಮೋಡ ಬಂದರೆ ಇಳಿಯುವ ಗದ್ದಲ ಒಂದು ಮನೆಯ ಇನ್ವರ್ಟರ್‌ನಿಂದ ಬರುತ್ತಿದೆ. ಪ್ಯಾನೆಲ್‌ನಿಂದ ಇಳಿಯುವ ಪ್ಲಸ್, ಮೈನಸ್ ಡಿಸಿ ವೈರುಗಳನ್ನು ಬೇರೆ ಬೇರೆ ಪೈಪಿನಲ್ಲಿ ಎಳೆದಿದ್ದಾರೆ, ಅದು ದೊಡ್ಡ ಲೂಪ್ ಆಗಿದೆ. ಎರಡನ್ನೂ ಒಂದೇ ಪೈಪಿನಲ್ಲಿ ಜೊತೆಗೆ ಎಳೆದು, ಇನ್ವರ್ಟರ್ ಬಾಯಲ್ಲಿ ರಿಂಗ್ ಹಾಕಿದರೆ ಬಹಳಷ್ಟು ಇಳಿಯಬೇಕು. ಮನೆಯವರು ಒಪ್ಪಿದ್ದಾರೆ. ಡಿಸಿ ವೈರು ಬಿಚ್ಚುವುದು ನಾನು ಮಾಡುವ ಕೆಲಸವಲ್ಲ, ಅದಕ್ಕೆ ಸೋಲಾರ್ ಹಾಕಿದವರೇ ಬರಬೇಕು. ರಿಂಗ್‌ಗಳನ್ನು ತರಿಸಿ ಇಟ್ಟಿದ್ದೇನೆ.