ಹಾನ್ಲೆಯ ಕೆಂಪು ಆಕಾಶಕ್ಕೆ ಕಾಪುವಿನಲ್ಲಿ ತಾಲೀಮು

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಅದು ಧ್ರುವಪ್ರಭೆ (ಅರೋರಾ), ಸೂರ್ಯನಿಂದ ಬಂದ ಬಿರುಸಿನಿಂದ ಮೇಲಿನ ವಾಯುಮಂಡಲದಲ್ಲಿ ಹುಟ್ಟುವ ಬೆಳಕು. ಆ ಚಿತ್ರಗಳನ್ನು ನೋಡಿದ ಕರಾವಳಿಯವರಿಗೆ ಮೊದಲು ಹೊಳೆಯುವ ಪ್ರಶ್ನೆ: ಮಲ್ಪೆಯಿಂದಲೂ ಕಾಣಬಹುದಾ?

ಕಾಣದು. ಧ್ರುವಪ್ರಭೆಯ ಕೆಂಪು ಭಾಗ ಸುಮಾರು 200ರಿಂದ 400 ಕಿ.ಮೀ. ಎತ್ತರದಲ್ಲಿರುತ್ತದೆ. 400 ಕಿ.ಮೀ. ಎತ್ತರದ ಬೆಳಕು ಭೂಮಿಯ ಉಬ್ಬಿನ ಮೇಲಿಂದ ಹೆಚ್ಚೆಂದರೆ ಸುಮಾರು 2,200 ಕಿ.ಮೀ. ದೂರದವರೆಗೆ, ಅಂದರೆ 20 ಡಿಗ್ರಿ ಅಕ್ಷಾಂಶದಷ್ಟು ದೂರ ಕಂಡೀತು. ಉಡುಪಿ ಇರುವುದು 13 ಡಿಗ್ರಿಯಲ್ಲಿ, ಹಾನ್ಲೆ 33ರ ಹತ್ತಿರ. ಹಾನ್ಲೆಯವರ ನೆತ್ತಿಯ ಮೇಲೇ ಪ್ರಭೆ ಬಂದರೂ ನಮಗೆ ಅದು ದಿಗಂತದ ಗೆರೆಗೆ ತಾಗಿಕೊಂಡಿರುತ್ತದೆ. ಮೇ 2024ರಲ್ಲಿ ಅವರಿಗೇ ಅದು ಕಂಡದ್ದು ಉತ್ತರ ದಿಕ್ಕಿನಲ್ಲಿ, ಕೆಳಗೆ. 1872ರ ಫೆಬ್ರವರಿ 4ರಂದು ಮುಂಬೈಯಲ್ಲಿ ಧ್ರುವಪ್ರಭೆ ಕಂಡ ದಾಖಲೆ ಇದೆ, ನಿಜ. ಅಂಥ ಭೂಕಾಂತ ಬಿರುಗಾಳಿಯನ್ನು (ಸೂರ್ಯನ ಸಿಡಿತದಿಂದ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲವಾಗುವುದು) ನೆಚ್ಚಿಕೊಂಡು ಯಾರೂ ಟ್ರೈಪಾಡ್ ಕೊಳ್ಳಬೇಕಿಲ್ಲ.

ಹಾಗಾಗಿ ಚಿತ್ರ ತೆಗೆಯುವುದು ಹಾನ್ಲೆಯಲ್ಲಿ, ಕಲಿಯುವುದು ಇಲ್ಲಿ, ಉಡುಪಿ ಬಳಿಯ ಕಾಪು ಕಡಲತೀರದಲ್ಲಿ. 4,500 ಮೀಟರ್ ಎತ್ತರದ ಚಳಿಯಲ್ಲಿ, ಕೈಗವಸು ಹಾಕಿಕೊಂಡು ಮೆನು ಹುಡುಕುತ್ತಾ ಕೂತರೆ ರಾತ್ರಿ ಮುಗಿದಿರುತ್ತದೆ.

ಏನನ್ನು ಹುಡುಕಬೇಕು

ನಾರ್ವೆಯ ಚಿತ್ರಗಳ ಹಸಿರು ಪರದೆಯನ್ನು ಮರೆತುಬಿಡಿ. ಹಸಿರು ಹುಟ್ಟುವುದು 100–150 ಕಿ.ಮೀ. ಎತ್ತರದಲ್ಲಿ. ದೂರದಿಂದ ನೋಡುವವರಿಗೆ ಅದು ದಿಗಂತದ ಕೆಳಗೆ ಮುಳುಗಿರುತ್ತದೆ, ಮೇಲಿನ ಕೆಂಪು ಮಾತ್ರ ಉಳಿಯುತ್ತದೆ. ಅದು ಆಮ್ಲಜನಕದ ಪರಮಾಣು 630 ನ್ಯಾನೋಮೀಟರಿನಲ್ಲಿ ಸೂಸುವ ಬೆಳಕು. ಕತ್ತಲಿಗೆ ಒಗ್ಗಿದ ಕಣ್ಣು ಈ ಕೆಂಪನ್ನು ಬಹುತೇಕ ಹಿಡಿಯುವುದಿಲ್ಲ, ಬೂದು ಮಬ್ಬಿನಂತೆ ಕಂಡರೆ ಹೆಚ್ಚು. ಆದ್ದರಿಂದ ಕಣ್ಣಿಗೆ ಏನೂ ಇಲ್ಲವೆಂದು ಕ್ಯಾಮೆರಾ ಮಡಚಬೇಡಿ, ಹತ್ತು ನಿಮಿಷಕ್ಕೊಂದು ಫ್ರೇಮ್ ತೆಗೆಯುತ್ತಲೇ ಇರಿ.

ಕಾಪುವಿನ ಅಭ್ಯಾಸ

ನವೆಂಬರ್‌ನಿಂದ ಫೆಬ್ರವರಿಯೊಳಗೆ, ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಆರಿಸಿಕೊಳ್ಳಿ. 1901ರ ದೀಪಸ್ತಂಭವನ್ನು ಬೆನ್ನಿಗೆ ಹಾಕಿ ಉತ್ತರಕ್ಕೆ ನಡೆಯಿರಿ. ತಿರುಗುವ ಬೆಳಕು ಲೆನ್ಸಿಗೆ ನೇರ ಬೀಳಬಾರದು. ಉಡುಪಿ–ಮಲ್ಪೆಯ ದೀಪಗಳ ಮಬ್ಬು ಸರಿಯಾಗಿ ಉತ್ತರದಲ್ಲೇ ಇರುವುದು ಇಲ್ಲಿ ಅನುಕೂಲವೇ. ಊರಿನ ಬೆಳಕು ಫ್ರೇಮಿನಲ್ಲಿ ಹೇಗೆ ಕಾಣುತ್ತದೆಂದು ಒಮ್ಮೆ ಕಣ್ಣಿಗೆ ಕೂತರೆ ಮುಂದೆ ಮೋಸ ಹೋಗುವುದಿಲ್ಲ.

ಮೊದಲು ಧ್ರುವ ನಕ್ಷತ್ರ. ಅದರ ಎತ್ತರ ಆಯಾ ಊರಿನ ಅಕ್ಷಾಂಶದಷ್ಟೇ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಾಪುವಿನಲ್ಲಿ ದಿಗಂತದಿಂದ ಒಂದು ಮುಷ್ಟಿ, ಎರಡು ಬೆರಳು. ಹಾನ್ಲೆಯಲ್ಲಿ ಮೂರು ಮುಷ್ಟಿ, ಎರಡು ಬೆರಳು. ಇಲ್ಲಿ ಅದು ತೆಂಗಿನ ತಲೆಯ ಹಿಂದೆಯೋ ಕಡಲ ಮಂಜಿನಲ್ಲೋ ಅಡಗಿರುವುದೇ ಹೆಚ್ಚು. ಸಿಕ್ಕದಿದ್ದರೆ ದಿಕ್ಸೂಚಿ ಸಾಕು.

ಎರಡನೆಯದು ಫೋಕಸ್. ಅತಿ ಹೆಚ್ಚು ಚಿತ್ರಗಳು ಕೆಡುವುದು ಇಲ್ಲೇ. ಕತ್ತಲಲ್ಲಿ ಆಟೋ ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ, ಲೆನ್ಸಿನ ಮೇಲಿನ ಅನಂತದ ಗುರುತನ್ನೂ ನಂಬುವಂತಿಲ್ಲ. ಮ್ಯಾನುವಲ್‌ಗೆ ಹಾಕಿ, ಲೈವ್ ವ್ಯೂನಲ್ಲಿ ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ. ಫೋಕಸ್ ರಿಂಗನ್ನು ನಿಧಾನವಾಗಿ ತಿರುಗಿಸಿದಂತೆ ನಕ್ಷತ್ರ ಅಪ್ಪಳದಷ್ಟಿದ್ದದ್ದು ಸಾಸಿವೆಯಷ್ಟಾಗುತ್ತದೆ, ಸ್ವಲ್ಪ ದಾಟಿದರೆ ಮತ್ತೆ ಊದುತ್ತದೆ. ಅತಿ ಚಿಕ್ಕದಾದಲ್ಲಿ ನಿಲ್ಲಿಸಿ, ರಿಂಗಿಗೆ ವೈರಿಂಗ್ ಟೇಪ್ ಅಂಟಿಸಿ. ಚಳಿಯಲ್ಲಿ ಲೆನ್ಸ್ ಕುಗ್ಗಿ ಫೋಕಸ್ ಸರಿಯುವುದರಿಂದ ಹಾನ್ಲೆಯಲ್ಲಿ ಗಂಟೆಗೊಮ್ಮೆ ಮತ್ತೆ ನೋಡಬೇಕು.

ಮೂರನೆಯದು ಸೆಟ್ಟಿಂಗ್. 14ರಿಂದ 24 ಮಿ.ಮೀ.ನ ಅಗಲ ಲೆನ್ಸ್, ಎಫ್ 2.8 (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಎಂಬ ಅಂಕಿ, ಚಿಕ್ಕದಾದಷ್ಟೂ ಹೆಚ್ಚು ಬೆಳಕು) ಅಥವಾ ಅದಕ್ಕಿಂತ ತೆರೆದದ್ದು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200ರಿಂದ 6400, ಶಟರ್ 15 ಸೆಕೆಂಡ್. ಇದು ಹಾನ್ಲೆಯ ಲೆಕ್ಕ. ಕಾಪುವಿನಲ್ಲಿ ಅಷ್ಟು ಕೊಟ್ಟರೆ ಆಕಾಶ ಬಿಳಿಚಿಕೊಳ್ಳುತ್ತದೆ, ಐಎಸ್‌ಒ 800–1600 ಸಾಕು. ಕಿಟ್ ಲೆನ್ಸ್ ಮಾತ್ರ ಇದ್ದರೆ 18 ಮಿ.ಮೀ., ಎಫ್ 3.5. ನಕ್ಷತ್ರ ಗೆರೆಯಾಗದಿರಲು 500ನ್ನು ಲೆನ್ಸಿನ ಮಿ.ಮೀ.ನಿಂದ ಭಾಗಿಸಿ (ಕ್ರಾಪ್ ಸೆನ್ಸರ್, ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್ ಆದರೆ ಆ ಮಿ.ಮೀ.ಯನ್ನು ಮೊದಲು 1.5ರಿಂದ ಗುಣಿಸಿ). ಕ್ರಾಪ್ ಸೆನ್ಸರಿನಲ್ಲಿ 18 ಮಿ.ಮೀ.ಗೆ ಸುಮಾರು 18 ಸೆಕೆಂಡ್ ಬರುತ್ತದೆ. ಧ್ರುವದ ಹತ್ತಿರದ ನಕ್ಷತ್ರಗಳು ನಿಧಾನ ಸರಿಯುವುದರಿಂದ ಉತ್ತರಕ್ಕೆ ಮುಖ ಮಾಡಿದಾಗ 25 ಸೆಕೆಂಡಿಗೂ ತೊಂದರೆಯಿಲ್ಲ. ಈ ಕೆಂಪು ಕುಣಿಯುವ ಜಾತಿಯದ್ದೂ ಅಲ್ಲ.

ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ. ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್‌ಗೆ ಕಟ್ಟಿಹಾಕಿ. ಆಟೋದಲ್ಲಿಟ್ಟರೆ ಕ್ಯಾಮೆರಾ ಆ ಕೆಂಪನ್ನೇ ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಇರಲಿ, ಇಲ್ಲವಾದರೆ ಪ್ರತಿ ಫ್ರೇಮಿನ ನಂತರ ಅಷ್ಟೇ ಹೊತ್ತು ಸುಮ್ಮನೆ ಕಾಯಬೇಕು. ಶಟರ್‌ಗೆ ಎರಡು ಸೆಕೆಂಡಿನ ಟೈಮರ್.

ಲೆನ್ಸಿನ ಮುಂದಿನ ಯುವಿ ಫಿಲ್ಟರನ್ನು ಮರೆಯದೆ ಬಿಚ್ಚಿ. ಧ್ರುವಪ್ರಭೆ ಒಂದೇ ತರಂಗಾಂತರದ ಬೆಳಕಾದ್ದರಿಂದ ಫಿಲ್ಟರಿನ ಎರಡು ಮುಖಗಳ ನಡುವೆ ಪ್ರತಿಫಲಿಸಿ ಚಿತ್ರದ ನಡುವೆ ಕೇರಂ ಬೋರ್ಡಿನ ನಡುವಿನಂಥ ವೃತ್ತಗಳನ್ನು ಮೂಡಿಸುತ್ತದೆ. ಆಮೇಲೆ ಅದನ್ನು ಅಳಿಸುವುದು ದೊಡ್ಡ ರಗಳೆ. ಕಾಪುವಿನಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ, ಹಾಗಾಗಿಯೇ ಮರೆಯುತ್ತದೆ.

ನಮ್ಮ ಕಡೆಯ ವೈರಿ ಬೇರೆ: ಸೆಕೆ ಮತ್ತು ಉಪ್ಪುಗಾಳಿ. ಎಸಿ ಕಾರಿನಿಂದ ಇಳಿಸಿದ ಲೆನ್ಸ್ ನಿಮಿಷದಲ್ಲಿ ಬೆವರುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಟ್ರೈಪಾಡಿನ ಕಾಲುಗಳನ್ನು ಹೊಯಿಗೆಯೊಳಗೆ ಚೆನ್ನಾಗಿ ಒತ್ತಿ, ಮನೆಗೆ ಬಂದ ಮೇಲೆ ಬಾವಿ ನೀರಲ್ಲಿ ತೊಳೆದು ಬೈರಾಸಿನಲ್ಲಿ ಒರೆಸಿ.

ಹೊರಡುವುದು ಯಾವಾಗ

ಸೂರ್ಯನಿಂದ ಸಿಡಿದ ಪ್ಲಾಸ್ಮಾ (ವಿದ್ಯುದಾವೇಶದ ಕಣಗಳ) ಮೋಡ ಇಲ್ಲಿಗೆ ತಲುಪಲು ಒಂದರಿಂದ ಮೂರು ದಿನ ಬೇಕು. ಮಂಗಳೂರಿನಿಂದ ಲೇಹ್‌ಗೆ ಹೋಗಿ, 3,500 ಮೀಟರಿನಲ್ಲಿ ಎರಡು–ಮೂರು ರಾತ್ರಿ ದೇಹವನ್ನು ಒಗ್ಗಿಸಿಕೊಂಡು ಹಾನ್ಲೆ ಮುಟ್ಟುವಷ್ಟರಲ್ಲಿ ಬಿರುಗಾಳಿ ಮುಗಿದಿರುತ್ತದೆ. ಒಗ್ಗಿಸಿಕೊಳ್ಳದೆ ಹೋಗುವುದು ಜೀವಕ್ಕೆ ಅಪಾಯ. ಸುದ್ದಿ ನೋಡಿ ಓಡಬೇಡಿ. ಕ್ಷೀರಪಥದ ಚಿತ್ರಕ್ಕೆಂದು ಅಮಾವಾಸ್ಯೆಯ ವಾರ ಗೊತ್ತುಮಾಡಿ ಹೋಗಿ, ಧ್ರುವಪ್ರಭೆ ಸಿಕ್ಕಿದರೆ ಅದೃಷ್ಟ. ಹಗಲು ರಾತ್ರಿ ಸಮವಾಗುವ ವಿಷುವದ ಸುತ್ತಮುತ್ತ, ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಭೂಕಾಂತ ಬಿರುಗಾಳಿಗಳು ಹೆಚ್ಚು. 2024ರ ಅಕ್ಟೋಬರ್ 10ರಂದೂ ಹಾನ್ಲೆ ಕೆಂಪಾಗಿತ್ತು.

ಅಲ್ಲಿದ್ದಾಗ ಎರಡು ಅಂಕಿ ನೋಡಿ. ಕೆಪಿ ಸೂಚ್ಯಂಕ (ಭೂಕಾಂತ ಬಿರುಗಾಳಿಯ ಬಿರುಸನ್ನು 0ರಿಂದ 9ರವರೆಗೆ ಹೇಳುವ ಅಂಕಿ) 8ರ ಆಸುಪಾಸಿಗೆ ಏರಬೇಕು. ಜೊತೆಗೆ ಸೌರ ಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿ, ಅಂದರೆ ಬಿ-ಜೆಡ್ ಋಣವಾಗಿ, ಗಂಟೆಗಟ್ಟಲೆ ನಿಲ್ಲಬೇಕು. ಬಿ-ಜೆಡ್ ಅಳೆಯುವ ಉಪಗ್ರಹಗಳು 15 ಲಕ್ಷ ಕಿ.ಮೀ. ದೂರದಲ್ಲಿರುವುದರಿಂದ ಕಾಲು ಗಂಟೆಯಿಂದ ಒಂದು ಗಂಟೆಯ ಮುನ್ಸೂಚನೆ ಸಿಗುತ್ತದೆ. ಈ ಅಂಕಿಗಳನ್ನು ತೋರಿಸುವ ಜಾಲತಾಣಗಳಲ್ಲಿರುವುದು ಯುಟಿಸಿ (ಅಂತರರಾಷ್ಟ್ರೀಯ) ಸಮಯ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಬ್ಯಾಟರಿಗಳನ್ನು ಒಳಅಂಗಿಯ ಜೇಬಿನಲ್ಲಿಡಿ, ಚಳಿಗೆ ಬೇಗ ಬಸವಳಿಯುತ್ತವೆ. ಕೋಣೆಗೆ ಮರಳುವ ಮುಂಚೆ, ಒಳಗಿನ ಬೆಚ್ಚನೆ ಗಾಳಿಗೆ ಬೆವರದಂತೆ, ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ. ಹಾನ್ಲೆ ಕತ್ತಲ ಆಕಾಶದ ಮೀಸಲು ಪ್ರದೇಶ. ಕೆಂಪು ಟಾರ್ಚ್ ಮಾತ್ರ ಬಳಸಿ.

ಅದೇ ಹೌದಾ?

ಹಾನ್ಲೆಯಂಥ ಕತ್ತಲಲ್ಲಿ ವಾಯುಮಂಡಲ ತಾನಾಗಿಯೇ ಹಸಿರು, ಕೆಂಪು ಪಟ್ಟೆಗಳಾಗಿ ಮಿನುಗುವುದುಂಟು. ಬಿರುಗಾಳಿಯಿಲ್ಲದ ರಾತ್ರಿಯಲ್ಲೂ ಅದು ಇರುತ್ತದೆ, ಎಲ್ಲ ದಿಕ್ಕಿನಲ್ಲೂ ಇರುತ್ತದೆ. ಅದನ್ನೇ ಧ್ರುವಪ್ರಭೆಯೆಂದು ಹಾಕಿಕೊಂಡವರು ಸಾಕಷ್ಟಿದ್ದಾರೆ. ಪ್ರತಿ ಅರ್ಧ ಗಂಟೆಗೊಮ್ಮೆ ಸೆಟ್ಟಿಂಗ್ ಒಂದಿಷ್ಟೂ ಬದಲಿಸದೆ ಕ್ಯಾಮೆರಾವನ್ನು ದಕ್ಷಿಣಕ್ಕೆ ತಿರುಗಿಸಿ ಒಂದು ಫ್ರೇಮ್ ತೆಗೆದಿಡಿ. ಕೆಂಪು ಉತ್ತರದಲ್ಲಿ ಮಾತ್ರವಿದ್ದು, ಬಿರುಗಾಳಿಯ ಏರಿಳಿತದ ಜೊತೆಗೇ ಏರಿ ಇಳಿದಿದ್ದರೆ ಧ್ರುವಪ್ರಭೆ. ಈ ಹೋಲಿಕೆಗೆ ಫೈಲಿನ ಸಮಯ ಸರಿಯಿರಬೇಕಾದ್ದರಿಂದ ಕ್ಯಾಮೆರಾದ ಗಡಿಯಾರವನ್ನು ಊರು ಬಿಡುವ ಮುಂಚೆಯೇ ಮೊಬೈಲಿನ ಸಮಯಕ್ಕೆ ಹೊಂದಿಸಿಕೊಳ್ಳಿ.