ಬೇಟೆ ಬಾಣಕ್ಕೆ ಅಲಗು ಆರಿಸುವುದು: ಟೂಲ್ ರೂಮಿನವರ ಕಣ್ಣಲ್ಲಿ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಿಲ್ಲು ಬೇಟೆಯ ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. ಅದಕ್ಕೂ ಒಂದೆರಡು ತಿಂಗಳು ಮುಂಚೆಯೇ ತುಮಕೂರಿನಲ್ಲಿರುವ ನನಗೆ ಫೋನ್ ಬರುತ್ತವೆ. ಮಗಳು, ಅಳಿಯ ಅಲ್ಲೇ ಇದ್ದಾರೆ. ಅವರ ಜೊತೆ ತಿಪಟೂರು, ಶಿರಾ, ಗೌರಿಬಿದನೂರು ಕಡೆಯಿಂದ ಹೋದ ಹುಡುಗರೂ ಬಿಲ್ಲು ಹಿಡಿದಿದ್ದಾರೆ. ಎಲ್ಲರೂ ಕೇಳೋದು ಒಂದೇ: "ಅಂಕಲ್, ಯಾವ ಬ್ರಾಡ್‌ಹೆಡ್ ತಗೊಳ್ಳೋದು?"

ಬ್ರಾಡ್‌ಹೆಡ್ ಅಂದರೆ ಬೇಟೆ ಬಾಣದ ತುದಿಗೆ ಹಾಕುವ ಅಲಗು. ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ನಾನು ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಪಂಚ್, ಡೈ, ಕಟ್ಟರ್ ಗ್ರೈಂಡ್ ಮಾಡುತ್ತಲೇ ಸರ್ವಿಸ್ ಮುಗಿಸಿದೆ. ಮಗಳ ಮನೆಗೆ ಹೋದಾಗ ಗ್ಯಾರೇಜಿನ ಮೇಜಿನ ಮೇಲೆ ಅವರ ಅಲಗುಗಳನ್ನೆಲ್ಲ ಹರಡಿಕೊಂಡು ಒಂದೊಂದನ್ನೇ ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟು ನೋಡುವುದು ನನಗೆ ಬಹಳ ಇಷ್ಟದ ಕೆಲಸ. ಉಕ್ಕಿನ ವಿಷಯದಲ್ಲಿ ನನಗೆ ಗೊತ್ತಿರುವುದು, ಬಾಣದ ವಿಷಯದಲ್ಲಿ ಮಗಳಿಂದ ಕಲಿತದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಇದು ಬೇಟೆಗೆ ಕಾನೂನು ಒಪ್ಪುವ ಕಡೆ, ಲೈಸೆನ್ಸ್ ತೆಗೆದುಕೊಂಡು ಹೋಗುವವರಿಗೆ ಮಾತ್ರ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ, ಕಡವೆ, ಕೃಷ್ಣಮೃಗ ಯಾವುದನ್ನೂ ಮುಟ್ಟುವ ಹಾಗಿಲ್ಲ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಗೆ ಹೋದರೆ ಜಯಮಂಗಲಿ ಸಂರಕ್ಷಿತ ಪ್ರದೇಶದಲ್ಲಿ ಕೃಷ್ಣಮೃಗಗಳು ಬಯಲಲ್ಲೇ ಓಡಾಡುತ್ತವೆ. ರಜೆಗೆ ಊರಿಗೆ ಬಂದಾಗ ಬೈನಾಕ್ಯುಲರ್ ಹಿಡಿದು ಹೋಗಿ, ಕಣ್ತುಂಬ ನೋಡಿ ಬನ್ನಿ. ಬಿಲ್ಲು ಅಲ್ಲೇ ಅಮೆರಿಕದಲ್ಲಿ ಇರಲಿ.

ಹರಿತ ಯಾಕೆ ಅಷ್ಟು ಮುಖ್ಯ

ಬಂದೂಕಿನ ಗುಂಡು ಹೊಡೆತದ ಜೋರಿನಿಂದ ಕೆಲಸ ಮಾಡುತ್ತದೆ. ಬಾಣಕ್ಕೆ ಆ ಜೋರಿಲ್ಲ. ಅಲಗು ರಕ್ತನಾಳಗಳನ್ನು ಕತ್ತರಿಸಿ, ರಕ್ತ ಹರಿದು, ಪ್ರಾಣಿ ಬೇಗ ಪ್ರಜ್ಞೆ ತಪ್ಪಬೇಕು. ಬಾಣದಿಂದ ಆಗುವುದೆಲ್ಲ ಇಷ್ಟೇ. ಈಳಿಗೆ ಮಣೆ ಮೊಂಡಾಗಿದ್ದರೆ ಹಣ್ಣಾದ ಟೊಮೆಟೊ ಏನಾಗುತ್ತದೆ ನೋಡಿದ್ದೀರಲ್ವಾ? ಅಪ್ಪಚ್ಚಿಯಾಗುತ್ತದೆ, ಸಿಪ್ಪೆ ಜಾರುತ್ತದೆ, ಕತ್ತರಿಸುವುದಿಲ್ಲ. ಮೊಂಡು ಅಲಗಿನ ಮುಂದೆ ರಕ್ತನಾಳವೂ ಹಾಗೇ ಪಕ್ಕಕ್ಕೆ ಜಾರಿಬಿಡಬಹುದು. ಆಗ ಗಾಯವಾದ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಕೈಗೂ ಸಿಗುವುದಿಲ್ಲ. ಒಂದು ಜೀವ ತೆಗೆಯಲು ಹೊರಟ ಮೇಲೆ ಅದನ್ನು ನರಳಿಸಬಾರದು. ನಾನು ಹುಡುಗರಿಗೆ ಫೋನಿನಲ್ಲಿ ಪ್ರತಿ ಸಲ ಮೊದಲು ಹೇಳುವುದೇ ಇದನ್ನು.

ಮೂರು ಬಗೆ

ಅಂಗಡಿಯಲ್ಲಿ ನೂರೆಂಟು ಡಬ್ಬಿ ಕಂಡರೂ ಬಗೆ ಮೂರೇ.

ಒಂದು, ಅಲಗು ಅಲುಗಾಡದ ಫಿಕ್ಸೆಡ್ ಬ್ಲೇಡ್. ಇದರಲ್ಲಿ ಕೆಲವು ಒಂದೇ ತುಂಡು ಉಕ್ಕಿನವು. ಜಿ5 ಕಂಪನಿಯ ಮಾಂಟೆಕ್ ಅಂಥದ್ದು, ಮೂರು ಅಲಗು, ಬಿಚ್ಚುವ ಭಾಗವೇ ಇಲ್ಲ. ಮ್ಯಾಗ್ನಸ್ ಸ್ಟಿಂಗರ್ ಥರದವಕ್ಕೆ ಎರಡು ದೊಡ್ಡ ಅಲಗು, ಅಡ್ಡಕ್ಕೆ ಎರಡು ಪುಟ್ಟ ಅಲಗು.

ಎರಡು, ಅಲಗು ಬದಲಿಸಬಹುದಾದದ್ದು. ಮಝಿ, ಥಂಡರ್‌ಹೆಡ್ ಈ ಜಾತಿ. ಬ್ಲೇಡ್ ಸಾಮಾನ್ಯವಾಗಿ 0.5ರಿಂದ 1 ಮಿ.ಮೀ. ದಪ್ಪ ಇರುತ್ತದೆ. ಮೊಂಡಾದರೆ ತೆಗೆದು ಹೊಸದು ಹಾಕಿ.

ಮೂರು, ಮೆಕ್ಯಾನಿಕಲ್. ಹಾರುವಾಗ ಅಲಗು ಮಡಚಿಕೊಂಡಿರುತ್ತದೆ, ತಾಗಿದಾಗ ತೆರೆದುಕೊಳ್ಳುತ್ತದೆ. ರೇಜ್ ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆ. ಇವು ಒಂದೂವರೆಯಿಂದ ಎರಡು ಇಂಚು ಅಗಲಕ್ಕೆ ಕತ್ತರಿಸುತ್ತವೆ. ಗಾಳಿಯಲ್ಲಿ ಪ್ರಾಕ್ಟೀಸ್ ಮೊನೆಯಷ್ಟೇ ನೇರ ಹೋಗುತ್ತವೆ. ಹುಡುಗರು ಇವುಗಳ ಮೇಲೇ ಮೊದಲು ಕೈ ಹಾಕುವುದು ಅದಕ್ಕೇ. ಆದರೆ ತೆರೆದುಕೊಳ್ಳಲಿಕ್ಕೇ ಬಾಣದ ಶಕ್ತಿ ಸ್ವಲ್ಪ ಖರ್ಚಾಗುತ್ತದೆ. ಅಗಲ ಜಾಸ್ತಿಯಾದಷ್ಟೂ ಒಳಗೆ ನುಗ್ಗಲು ಬಲ ಜಾಸ್ತಿ ಬೇಕು. ಅಲಗನ್ನು ಹಿಡಿದಿಡುವ ರಬ್ಬರ್ ರಿಂಗ್ ಅಥವಾ ಪ್ಲಾಸ್ಟಿಕ್ ಕಾಲರ್ ಒಣಗಿ ಬಿರುಕು ಬಿಟ್ಟರೆ ದಾರಿಯಲ್ಲೇ ತೆರೆದುಕೊಳ್ಳಬಹುದು. ಕೆಡುವ ಭಾಗ ಕಡಿಮೆ ಇದ್ದಷ್ಟೂ ನಂಬಿಕೆ ಜಾಸ್ತಿ ಅನ್ನುವುದು ಟೂಲ್ ರೂಮಿನಲ್ಲಿ ನಾನು ಕಲಿತ ಪಾಠ. ಅದಕ್ಕೇ ಹೊಸಬರಿಗೆ ನನ್ನ ಸಲಹೆ ಒಂದೇ ತುಂಡಿನ ಮೂರು ಅಲಗಿನದು, ಅಗಲ ಒಂದು ಇಂಚಿನ ಮೇಲೆ ಸ್ವಲ್ಪ, ಅಂದರೆ ಸುಮಾರು 27ರಿಂದ 29 ಮಿ.ಮೀ.

ನಿಮ್ಮ ಬಿಲ್ಲಿನ ಬಲ ಲೆಕ್ಕ ಹಾಕಿ

ಅಲಗಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. 100 ಗ್ರೇನ್ ಅಂದರೆ ಆರೂವರೆ ಗ್ರಾಂ, 125 ಅಂದರೆ ಸುಮಾರು 8 ಗ್ರಾಂ. ಇವೆರಡೇ ಹೆಚ್ಚು ಸಿಗುವುದು. ಪ್ರಾಕ್ಟೀಸ್ ಮಾಡುವ ಫೀಲ್ಡ್ ಪಾಯಿಂಟ್ ಎಷ್ಟು ತೂಕವೋ ಬೇಟೆ ಅಲಗೂ ಅಷ್ಟೇ ಇರಬೇಕು.

ಬಲದ ಲೆಕ್ಕ ಸುಲಭ. ಬಾಣದ ಪೂರ್ತಿ ತೂಕವನ್ನು ಗ್ರೇನ್‌ನಲ್ಲಿ ಬರೆದುಕೊಳ್ಳಿ. ಅದನ್ನು ವೇಗದಿಂದ ಎರಡು ಸಲ ಗುಣಿಸಿ. ವೇಗ ಸೆಕೆಂಡಿಗೆ ಎಷ್ಟು ಅಡಿ ಅನ್ನುವ ಲೆಕ್ಕದಲ್ಲಿರಲಿ. ಬಂದದ್ದನ್ನು 4,50,240ರಿಂದ ಭಾಗಿಸಿ. ಉತ್ತರ ಫುಟ್-ಪೌಂಡ್‌ನಲ್ಲಿ ಬರುತ್ತದೆ. ನನ್ನ ಮಗಳ ಬಿಲ್ಲು ಹಗುರ, 45 ಪೌಂಡಿನದು, ಅಂದರೆ ಎಳೆಯಲು ಅಷ್ಟು ಬಲ ಬೇಕು. 400 ಗ್ರೇನ್ ಬಾಣ, ವೇಗ 210 ಅಡಿ. ಲೆಕ್ಕ ಹಾಕಿದರೆ 39. ಅಳಿಯನದು 420 ಗ್ರೇನ್, 270 ಅಡಿ. ಅದು 68 ಬರುತ್ತದೆ.

ಬಾಣ ತಯಾರಿಸುವ ಈಸ್ಟನ್ ಕಂಪನಿಯ ಪಟ್ಟಿಯಲ್ಲಿ ಜಿಂಕೆಗೆ 25ರಿಂದ 41, ಎಲ್ಕ್ (ಕಡವೆಯಂಥ ದೊಡ್ಡ ಜಿಂಕೆ) ಮತ್ತು ಕಪ್ಪು ಕರಡಿಗೆ 42ರಿಂದ 65, ಅದಕ್ಕೂ ಗಟ್ಟಿ ಪ್ರಾಣಿಗಳಿಗೆ 65ಕ್ಕಿಂತ ಮೇಲೆ ಎಂದಿದೆ. ಅಂದರೆ ಮಗಳ ಬಿಲ್ಲು ಜಿಂಕೆಗೆ ಸಾಕು, ಎಲ್ಕ್‌ಗೆ ಸಾಲದು. ಆ ಬಿಲ್ಲಿಗೆ ಎರಡು ಇಂಚಿನ ಮೆಕ್ಯಾನಿಕಲ್ ಹಾಕುವುದಂತೂ ಬೇಡವೇ ಬೇಡ. ಅವಳಿಗೆ ನಾನು ಹೇಳಿದ್ದು ತುದಿಯಿಂದಲೇ ಕತ್ತರಿಸುತ್ತಾ ಹೋಗುವ ಎರಡು ಅಲಗಿನದು. ಕಡಿಮೆ ಬಲದಲ್ಲೂ ಅದು ಆಳಕ್ಕೆ ಇಳಿಯುತ್ತದೆ. ಅಳಿಯನ ಬಿಲ್ಲಿಗೆ ಮೆಕ್ಯಾನಿಕಲ್ ಹಾಕಿದರೂ ಜಿಂಕೆಗೆ ನಡೆಯುತ್ತದೆ. ಎಲ್ಕ್‌ಗೆ ಹೊರಟರೆ ಅವನೂ ಫಿಕ್ಸೆಡ್ ಅಲಗು, ಇನ್ನೂ ತೂಕದ ಬಾಣ ಹಾಕಿಕೊಳ್ಳಲಿ.

ಮೇಜಿನ ಮೇಲಿನ ಪರೀಕ್ಷೆ

ಮೂರರ ಪ್ಯಾಕನ್ನು ಒಂದೇ ಸಲ ಎರಡು ತನ್ನಿ. ತಂದ ತಕ್ಷಣ ಚೂಪು ನೋಡಿ ಖುಷಿಪಡಬೇಡಿ. ಮೊದಲು ತೂಗಿ. ಗ್ರೇನ್ ತೂಕದ ಪುಟ್ಟ ತಕ್ಕಡಿ ಬಿಲ್ಲಿನ ಅಂಗಡಿಯಲ್ಲೇ ಇರುತ್ತದೆ. ಆರೂ ಒಂದೆರಡು ಗ್ರೇನ್ ಒಳಗೆ ಹೊಂದಬೇಕು.

ಆಮೇಲೆ ಥ್ರೆಡ್. ಬಹುತೇಕ ಅಲಗುಗಳು 8 ನಂಬರ್ ಸ್ಕ್ರೂ, ಇಂಚಿಗೆ 32 ಥ್ರೆಡ್. ತೀರ ತೆಳು ಶಾಫ್ಟ್‌ಗೆ (ಬಾಣದ ಕಡ್ಡಿಗೆ) ಬೇರೆ ಅಳತೆ ಇರುತ್ತದೆ, ಕೇಳಿ ತನ್ನಿ. ತಿರುಗಿಸುವಾಗ ಬೆರಳಿಗೆ ನಯವಾಗಿ ಹೋಗಬೇಕು. ಅಲಗಿನ ಬುಡ ಬಾಣದ ಬಾಯಿಗೆ ಸುತ್ತಲೂ ಕೂರಬೇಕು. ಒಂದು ಕಡೆ ಕೂದಲೆಳೆ ಬೆಳಕು ಕಂಡರೂ ಅದು ಸೊಟ್ಟ. ಬಿಗಿ ಮಾಡಲು ಜೊತೆಗೆ ಕೊಡುವ ಪ್ಲಾಸ್ಟಿಕ್ ಸ್ಪ್ಯಾನರನ್ನೇ ಬಳಸಿ, ಬರಿಗೈಯಲ್ಲಿ ಬೇಡ.

ಈಗ ಬಾಣವನ್ನು ಎರಡು ವಿ ಬ್ಲಾಕ್ (ವಿ ಆಕಾರದ ತೋಡಿರುವ ದಿಮ್ಮಿ) ಅಥವಾ ಪುಟ್ಟ ರೋಲರ್‌ಗಳ ಮೇಲಿಟ್ಟು ತಿರುಗಿಸಿ. ಮೊನೆಯ ಹಿಂದೆ ಒಂದು ಬಿಳಿ ಕಾಗದ ನಿಲ್ಲಿಸಿಕೊಳ್ಳಿ. ಮೊನೆ ಒಂದೇ ಚುಕ್ಕಿಯಲ್ಲಿ ನಿಂತ ಹಾಗೆ ಕಾಣಬೇಕು. ಪುಟ್ಟ ಸುತ್ತು ಹಾಕುತ್ತಿದ್ದರೆ ಅಲಗೋ ಬಾಣವೋ ಯಾವುದೋ ಒಂದು ಸೊಟ್ಟ. ಯಾವುದು ಅಂತ ಹಿಡಿಯುವುದು ಹೀಗೆ: ಆ ಅಲಗನ್ನು ಬಿಚ್ಚಿ, ನೇರ ತಿರುಗಿದ ಇನ್ನೊಂದು ಬಾಣಕ್ಕೆ ಹಾಕಿ. ಅಲ್ಲೂ ಸುತ್ತು ಹಾಕಿದರೆ ಅಲಗು ಸೊಟ್ಟ, ವಾಪಸ್ ಕೊಡಿ. ಅಲ್ಲಿ ನೇರ ಬಂದರೆ ಮೊದಲಿನ ಬಾಣದ ತುದಿಯನ್ನು 90 ಡಿಗ್ರಿಗೆ ಸಮನಾಗಿ ಕತ್ತರಿಸಿಲ್ಲ, ಅಥವಾ ಒಳಗಿನ ಇನ್ಸರ್ಟ್ (ಅಲಗಿನ ಸ್ಕ್ರೂ ಕೂರುವ ತುಂಡು) ಸೊಟ್ಟ ಕೂತಿದೆ. ತುದಿ ಸಮ ಮಾಡುವ ಉಪಕರಣ ಸಿಗುತ್ತದೆ, ನಾಲ್ಕು ಸಲ ಉಜ್ಜಿದರೆ ಸರಿಹೋಗುತ್ತದೆ. ಬರಿಗಣ್ಣಿಗೆ ಅಲುಗಾಟ ಕಾಣುವ ಬಾಣವನ್ನು ಕಾಡಿಗೆ ಒಯ್ಯಬೇಡಿ. ಫಿಕ್ಸೆಡ್ ಅಲಗು ಗಾಳಿಯಲ್ಲಿ ರೆಕ್ಕೆಯ ಕೆಲಸವನ್ನೂ ಮಾಡುತ್ತದೆ, ಸೊಟ್ಟ ಇದ್ದರೆ ಬಾಣವನ್ನೇ ಎಳೆದುಕೊಂಡು ಹೋಗುತ್ತದೆ.

ಉಕ್ಕಿನ ಪರೀಕ್ಷೆಗೆ ಆರರಲ್ಲಿ ಒಂದನ್ನು ಬಲಿ ಕೊಡಿ. ಫೋಮ್ ಬ್ಲಾಕಿನ ಮುಂದೆ 12 ಮಿ.ಮೀ. ಪ್ಲೈವುಡ್ ನಿಲ್ಲಿಸಿ, ಸುತ್ತಮುತ್ತ ಯಾರೂ ಇಲ್ಲದಾಗ ಹೊಡೆಯಿರಿ. ತೆಗೆದು ಲೂಪ್‌ನಲ್ಲಿ ನೋಡಿ. ಅಲಗಿನ ಬಾಯಿ, ಅಂದರೆ ಹರಿತದ ಅಂಚು, ಮಡಚಿಕೊಂಡಿದ್ದರೆ ಉಕ್ಕು ಮೆತ್ತಗೆ. ಚಕ್ಕೆ ಎದ್ದಿದ್ದರೆ ಅತಿ ಗಡಸು. ಎರಡೂ ಕೆಟ್ಟದ್ದೇ, ಆದರೆ ಚಕ್ಕೆ ಏಳುವುದು ಇನ್ನೂ ಕೆಟ್ಟದ್ದು. ಪಕ್ಕೆಲುಬಿಗೆ ತಾಗಿದಾಗ ಅಲಗೇ ಮುರಿಯಬಹುದು. ಡಬ್ಬಿಯ ಮೇಲೆ 420 ಅಂತ ಬರೆದಿದ್ದರೆ ಸಾಧಾರಣ ಸ್ಟೇನ್‌ಲೆಸ್, 440ಸಿ ಅದಕ್ಕಿಂತ ಗಡಸು, ಎ2 ನಮ್ಮ ಟೂಲ್ ರೂಮಿನ ಹಳೆಯ ಪರಿಚಯದ ಡೈ ಸ್ಟೀಲ್. ಎ2 ತುಕ್ಕು ಹಿಡಿಯುತ್ತದೆ, ಎಣ್ಣೆ ಸವರಿಡಬೇಕು. ಆದರೂ ನನ್ನನ್ನು ಕೇಳಿದರೆ ಅದಕ್ಕೇ ನನ್ನ ಓಟು. ಹೆಸರಿಗಿಂತ ಹದ ಮುಖ್ಯ ಅನ್ನುವುದನ್ನೂ ಮರೆಯಬೇಡಿ. ಒಳ್ಳೆಯ ಉಕ್ಕನ್ನೂ ಕಾಯಿಸಿ ತಣಿಸುವಾಗ ಕೆಡಿಸಬಹುದು. ಪ್ಲೈವುಡ್ ಪರೀಕ್ಷೆ ಮಾಡಿಸುವುದು ಅದಕ್ಕೇ.

ಸಾಣೆ

ಹೊಸ ಅಲಗು ಎಲ್ಲವೂ ಹರಿತವಾಗಿ ಬರುವುದಿಲ್ಲ. ರಬ್ಬರ್ ಬ್ಯಾಂಡ್ ಪರೀಕ್ಷೆ ಮಾಡಿ. ಒಂದು ಸಣ್ಣ ಡಬ್ಬಿಗೆ ರಬ್ಬರ್ ಬ್ಯಾಂಡನ್ನು ಹಿಗ್ಗಿಸಿ ಸುತ್ತಿ, ಅಲಗಿನ ಬಾಯನ್ನು ಅದರ ಮೇಲೆ ಒತ್ತದೆ ಎಳೆಯಿರಿ. ಹರಿತ ಇದ್ದರೆ ತಾಗಿದ ಕೂಡಲೇ ಪಟ್ ಅಂತ ಕತ್ತರಿಸುತ್ತದೆ. ಬ್ಯಾಂಡ್ ಬಗ್ಗಿ ಜಾರಿದರೆ ಸಾಣೆ ಬೇಕು. ಒಂದು ಅಲಗಿನ ಪ್ರತಿ ಬಾಯಿಗೂ ಬೇರೆ ಬೇರೆ ಪರೀಕ್ಷೆ ಮಾಡಿ. ಎರಡು ಹರಿತ ಇದ್ದು ಮೂರನೆಯದು ಮೊಂಡಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಂದೇ ತುಂಡಿನ ಮೂರು ಅಲಗಿನದಕ್ಕೆ ಸಾಣೆ ಹಿಡಿಯುವುದು ಬಹಳ ಸಲೀಸು. ಕಲ್ಲಿನ ಮೇಲೆ ಮಲಗಿಸಿದರೆ ಎರಡು ಬಾಯಿ ಒಟ್ಟಿಗೆ ತಾಗುತ್ತವೆ. ಕೋನ ಹಿಡಿಯುವ ಚಿಂತೆಯೇ ಇಲ್ಲ, ಅಲಗಿನ ಆಕಾರವೇ 60 ಡಿಗ್ರಿ ಕೊಡುತ್ತದೆ. ಮೊದಲು ಬಾಯಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. 400 ಗ್ರಿಟ್ ಕಲ್ಲಿನ ಮೇಲೆ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಒಂದೇ ಒತ್ತಡದಲ್ಲಿ ಎಳೆಯಿರಿ. ಕಪ್ಪು ಎಲ್ಲಿ ಹೋಯಿತು, ಎಲ್ಲಿ ಉಳಿಯಿತು ನೋಡಿ. ತುದಿಯ ಅಂಚಿನಲ್ಲಿ ಕಪ್ಪು ಗೆರೆ ಉಳಿದಿದ್ದರೆ ಕಲ್ಲು ಇನ್ನೂ ಬಾಯಿಗೆ ಮುಟ್ಟಿಲ್ಲ. ಪೂರ್ತಿ ಹೋದ ಮೇಲೆ ತಿರುಗಿಸಿ ಮುಂದಿನ ಜೋಡಿ. ಮೂರೂ ಕಡೆ ಅಷ್ಟಷ್ಟೇ ಎಳೆತ ಇರಲಿ, ಇಲ್ಲದಿದ್ದರೆ ತೂಕ ಒಂದು ಕಡೆಗೆ ಹೋಗುತ್ತದೆ. ನಂತರ 1000 ಗ್ರಿಟ್, ಒತ್ತಡ ಕಡಿಮೆ. ಬಾಯಿಯಲ್ಲಿ ಎದ್ದ ಬರ್ (ಲೋಹದ ಸಣ್ಣ ಸಿಬಿರು) ಉಗುರಿಗೆ ತಡೆಯುತ್ತದೆ. ಅದನ್ನು ತೆಗೆಯಲು ಹಳೆಯ ಚರ್ಮದ ಬೆಲ್ಟಿಗೆ ಪಾಲಿಶ್ ಹಚ್ಚಿ ಹಿಮ್ಮುಖವಾಗಿ ಎಳೆಯಿರಿ. ಬರ್ ಉಳಿದ ಬಾಯಿ ಬೆರಳಿಗೆ ಚೂಪು ಅನಿಸುತ್ತದೆ, ಆದರೆ ಚರ್ಮಕ್ಕೆ ತಾಗಿದ ಕೂಡಲೇ ಮಡಚಿಕೊಳ್ಳುತ್ತದೆ.

ಅಲಗು ಬಾಣದ ತುದಿಯಲ್ಲಿ ಇರುವಾಗ ಸಾಣೆ ಹಿಡಿದರೆ ಹಿಡಿತ ಚೆನ್ನಾಗಿರುತ್ತದೆ, ಕೈಯೂ ದೂರ ಇರುತ್ತದೆ. ದಪ್ಪ ಗ್ಲೌಸ್ ಹಾಕಿಕೊಳ್ಳಿ. ಮಕ್ಕಳು ಓಡಾಡುವ ಕಡೆ ಈ ಕೆಲಸ ಬೇಡ.

ಹೊಡೆದು ನೋಡಿ

ಮೇಜಿನ ಮೇಲೆ ಪಾಸಾದದ್ದು ಬಿಲ್ಲಿನಲ್ಲೂ ಪಾಸಾಗಬೇಕು. ಬ್ರಾಡ್‌ಹೆಡ್‌ಗೆಂದೇ ಇರುವ ಫೋಮ್ ಟಾರ್ಗೆಟ್ ಬೇಕು, ಚೀಲದ ಟಾರ್ಗೆಟ್ ಹರಿದು ಹೋಗುತ್ತದೆ. 20 ಗಜದಲ್ಲಿ ಮೊದಲು ಫೀಲ್ಡ್ ಪಾಯಿಂಟ್, ಆಮೇಲೆ ಬ್ರಾಡ್‌ಹೆಡ್. ಎರಡೂ ಒಂದೇ ಕಡೆ ಬಿದ್ದರೆ 30, 40 ಗಜಕ್ಕೆ ಹೋಗಿ. ಬ್ರಾಡ್‌ಹೆಡ್ ಎಡಕ್ಕೆ ಬೀಳುತ್ತಿದ್ದರೆ ಬಾಣ ಕೂರುವ ರೆಸ್ಟನ್ನು ಬಲಕ್ಕೆ ಸರಿಸಿ, ಬಲಕ್ಕೆ ಬಿದ್ದರೆ ಎಡಕ್ಕೆ. ಒಂದು ಸಲಕ್ಕೆ ಮಿಲಿಮೀಟರಿಗಿಂತ ಕಡಿಮೆ. ಗುರಿ ನೋಡುವ ಸೈಟನ್ನು ಮುಟ್ಟಬೇಡಿ, ತಪ್ಪು ಇರುವುದು ಬಿಲ್ಲಿನ ಹೊಂದಾಣಿಕೆಯಲ್ಲಿ. ಟಾರ್ಗೆಟಿಗೆ ಹೊಡೆದ ಅಲಗಿಗೆ ಮತ್ತೆ ಸಾಣೆ ಹಿಡಿಯದೆ ಬೇಟೆಗೆ ಒಯ್ಯಬೇಡಿ.

ನಿಯಮಕ್ಕೆ ಬಂದರೆ, ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಗೆ ಬಿಲ್ಲು ಕನಿಷ್ಠ 30 ಪೌಂಡ್ ಇರಬೇಕು. ಅಲಗು ಕನಿಷ್ಠ 7/8 ಇಂಚು ಅಗಲ, ಹರಿತವಾಗಿರಬೇಕು. 1973 ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಆಯಾ ವರ್ಷದ ನಿಯಮ ಪುಸ್ತಕ ಓದಿಯೇ ಅಲಗು ಕೊಳ್ಳಿ.

ಪ್ರಾಣಿ ತನ್ನ ಪಕ್ಕೆ ನಿಮಗೆ ಕಾಣುವಂತೆ ಅಡ್ಡಲಾಗಿ ನಿಂತಿದ್ದಾಗ, ಅಥವಾ ನಿಮ್ಮಿಂದ ಸ್ವಲ್ಪ ಆಚೆಗೆ ತಿರುಗಿದ್ದಾಗ ಮಾತ್ರ ಹೊಡೆಯಿರಿ, ಶ್ವಾಸಕೋಶಕ್ಕೆ ದಾರಿ ಅಲ್ಲಿ ತೆರೆದಿರುತ್ತದೆ. ಭುಜದ ಮೂಳೆ ಅಡ್ಡ ಬಂದರೆ ಎಷ್ಟು ಒಳ್ಳೆಯ ಅಲಗಿದ್ದರೂ ನಿಂತುಹೋಗಬಹುದು. ಹೊಡೆದ ಮೇಲೆ ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಾಣದ ಮೇಲೆ ತಿಳಿಗೆಂಪು ನೊರೆ ರಕ್ತ ಇದ್ದರೆ ಶ್ವಾಸಕೋಶ. ಕಡುಗೆಂಪು ಇದ್ದರೆ ಲಿವರ್, ಇನ್ನೂ ಕೆಲವು ಗಂಟೆ ಕಾಯಬೇಕು.

ಬಾಣ ಸಿಕ್ಕಿದ ಮೇಲೆ ಅಲಗನ್ನು ಮತ್ತೆ ರೋಲರ್ ಮೇಲೆ ತಿರುಗಿಸಿ ನೋಡಿ. ಮೊನೆ ನೇರ ಇದ್ದು, ಲೂಪ್‌ನಲ್ಲಿ ಬಿರುಕು ಕಾಣದಿದ್ದರೆ ಸಾಣೆ ಹಿಡಿದು ಇಟ್ಟುಕೊಳ್ಳಿ. ಸೊಟ್ಟಗಿದ್ದರೆ ತಟ್ಟಿ ಸರಿಮಾಡಲು ಹೋಗಬೇಡಿ. ಹಳೆಯ ಬ್ಲೇಡುಗಳನ್ನು ತಗಡಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ ಎಸೆಯಿರಿ. ಕಸ ಎತ್ತುವವರ ಕೈ ಕೊಯ್ಯಬಾರದು.